ಬೇಲಿ ಹಾಕಿಟ್ಟ ಸೈಟುಗಳು

2024ರ ಅಕ್ಟೋಬರ್‌ನಲ್ಲಿ ಜಿಯೋಹಾಟ್‌ಸ್ಟಾರ್ ಡಾಟ್ ಕಾಮ್ ಎಂಬ ವಿಳಾಸ ತೆರೆದವರಿಗೆ ಸಿನಿಮಾವೂ ಸಿಗಲಿಲ್ಲ, ಕ್ರಿಕೆಟ್ಟೂ ಸಿಗಲಿಲ್ಲ. ಅಲ್ಲಿದ್ದದ್ದು ಒಂದು ಪತ್ರ. ದೆಹಲಿಯ ಆ್ಯಪ್ ಡೆವಲಪರ್ ಒಬ್ಬರು ರಿಲಯನ್ಸ್‌ನವರಿಗೆ ಬರೆದದ್ದು. ಐಪಿಎಲ್ ಪ್ರಸಾರದ ಹಕ್ಕು ಕೈತಪ್ಪಿದ ಮೇಲೆ ಹಾಟ್‌ಸ್ಟಾರ್ ಸೊರಗುತ್ತಿದೆ, ಅದನ್ನು ಬೇರೆಯವರು ಕೊಳ್ಳಬಹುದು ಎಂಬ ಸುದ್ದಿಯನ್ನು ಅವರು 2023ರಲ್ಲಿ ಓದಿದ್ದರು. ಸಾವನ್ ಎಂಬ ಸಂಗೀತದ ಆ್ಯಪನ್ನು ಜಿಯೋ ತೆಕ್ಕೆಗೆ ತೆಗೆದುಕೊಂಡಾಗ ಅದು ಜಿಯೋಸಾವನ್ ಆಗಿತ್ತು. ಇದೂ ಹಾಗೇ ಆದೀತು ಎಂದು ಊಹಿಸಿ, ಆ ಹೆಸರು ಖಾಲಿ ಇರುವುದನ್ನು ನೋಡಿ ಕೊಂಡಿಟ್ಟರು. ಪತ್ರದಲ್ಲಿ ಕೇಳಿದ್ದು ಕೇಂಬ್ರಿಜ್‌ನಲ್ಲಿ ಓದುವುದಕ್ಕೆ ಬೇಕಾದ ಶುಲ್ಕ, 93,345 ಪೌಂಡ್. ಅಂದರೆ ಸುಮಾರು ಒಂದು ಕೋಟಿ ರೂಪಾಯಿ.

ಕಂಪನಿ ಒಪ್ಪಲಿಲ್ಲ, ಕಾನೂನಿನ ಮಾತು ಬಂತು. ನಂತರ ದುಬೈಯಲ್ಲಿರುವ ಇಬ್ಬರು ಮಕ್ಕಳು, ಅಣ್ಣ ತಂಗಿ, ಆ ಹೆಸರನ್ನು ಅವರಿಂದ ಕೊಂಡರು. ಕೊನೆಗೆ ರಿಲಯನ್ಸ್‌ಗೆ ಪುಕ್ಕಟೆ ಕೊಡುತ್ತೇವೆ ಎಂದರು. 2024ರ ನವೆಂಬರ್ 14ರಂದು ರಿಲಯನ್ಸ್ ಮತ್ತು ಡಿಸ್ನಿಯ ಮಾಧ್ಯಮ ವ್ಯವಹಾರಗಳು ಒಂದಾದವು. 2025ರ ಫೆಬ್ರವರಿ 14ರಂದು ಜಿಯೋಹಾಟ್‌ಸ್ಟಾರ್ ಎಂಬ ಹೆಸರಿನಲ್ಲೇ ಸೇವೆ ಶುರುವಾಯಿತು. ಊಹೆ ಅಕ್ಷರಕ್ಷರ ನಿಜವಾಗಿತ್ತು. ಕೇಳಿದ ಕೋಟಿ ಮಾತ್ರ ಬರಲಿಲ್ಲ.

ನಾನು ಡೊಂಬಿವಲಿಯಿಂದ ಹೊರಟು, ಥಾಣೆಯಲ್ಲಿ ಗಾಡಿ ಬದಲಿಸಿ, ಟ್ರಾನ್ಸ್ ಹಾರ್ಬರ್ ಲೈನಿನಲ್ಲಿ ಐರೋಲಿಗೆ ಕೆಲಸಕ್ಕೆ ಹೋಗುವವನು. ಅಲ್ಲಿಂದ ಎರಡು ಸ್ಟೇಷನ್ ಮುಂದೆ ಘನ್ಸೋಲಿ. ರಿಲಯನ್ಸ್‌ನ ದೊಡ್ಡ ಆವರಣ ಇರುವುದು ಅಲ್ಲೇ. ಹಾಗಾಗಿ ಈ ಕಥೆ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಊರ ಸುದ್ದಿಯಂತೆ ಓಡಾಡಿತು. ಅದರ ಬೆನ್ನಿಗೇ ಇನ್ನೊಂದೂ ಆಯಿತು. ಇಪ್ಪತ್ತೈದು, ಇಪ್ಪತ್ತಾರರ ಹುಡುಗರು ಫೋನಿನಲ್ಲಿ ಎರಡೆರಡು ಕಂಪನಿಗಳ ಹೆಸರು ಜೋಡಿಸಿ, ಯಾವುದು ಖಾಲಿ ಇದೆ ಎಂದು ಹುಡುಕತೊಡಗಿದರು. ಕೆಲವರು ಕೊಂಡೇಬಿಟ್ಟರು. ‘ಕೊಂಡು ಪಾರ್ಕ್ ಮಾಡಿಡು, ಜಾಹೀರಾತಿನ ಕಾಸು ಬರುತ್ತಿರುತ್ತೆ, ಗಿರಾಕಿ ಬಂದರೆ ಮಾರು’ ಎಂದು ಹೇಳಿಕೊಡುವ ವಿಡಿಯೊಗಳಿಗಂತೂ ಬರವಿಲ್ಲ. ಸಂಬಳ ಏರದ, ಕೆಲಸದ ಭರವಸೆ ಇಲ್ಲದ ಈ ಎರಡು ಮೂರು ವರ್ಷಗಳಲ್ಲಿ ಸಾಫ್ಟ್‌ವೇರ್ ಹುಡುಗರಿಗೆ ಎರಡನೇ ಆದಾಯದ ಆಸೆ ಹುಟ್ಟುವುದು ಸಹಜ. ಆದರೆ ಈ ವ್ಯಾಪಾರದ ಲೆಕ್ಕವನ್ನು ಯಾರೂ ಪೂರ್ತಿ ಬಿಡಿಸಿ ಹೇಳುವುದಿಲ್ಲ.

ಮೊದಲು ಪಾರ್ಕಿಂಗ್. ನೀವು ಒಂದು ಹೆಸರು ಕೊಂಡಿರಿ, ಅದರಲ್ಲಿ ಜಾಲತಾಣ ಕಟ್ಟಿಲ್ಲ. ಅಲ್ಲಿ ಬರೀ ಜಾಹೀರಾತಿನ ಕೊಂಡಿಗಳಿರುವ ಒಂದು ಪುಟ ನಿಲ್ಲಿಸುತ್ತೀರಿ. ಯಾರೋ ವಿಳಾಸ ತಪ್ಪಾಗಿ ಟೈಪ್ ಮಾಡಿಯೋ, ಊಹಿಸಿ ಟೈಪ್ ಮಾಡಿಯೋ ಬರುತ್ತಾರೆ, ಕೊಂಡಿ ಒತ್ತುತ್ತಾರೆ, ನಿಮಗೆ ಕೆಲವು ಪೈಸೆ. 2000ದ ದಶಕದಲ್ಲಿ ಇದು ನಿಜಕ್ಕೂ ದುಡ್ಡು ಕೊಡುತ್ತಿತ್ತು. ಆಗ ಜನ ಬ್ರೌಸರಿನ ಮೇಲಿನ ಪಟ್ಟಿಯಲ್ಲಿ ವಿಳಾಸ ಬರೆಯುತ್ತಿದ್ದರು. ನೋಂದಾಯಿಸಿದ ಹೆಸರನ್ನು ಐದು ದಿನದೊಳಗೆ ಹಿಂತಿರುಗಿಸಿದರೆ ಹಣ ವಾಪಸ್ ಎಂಬ ನಿಯಮವೂ ಇತ್ತು. ಅದನ್ನು ಬಳಸಿಕೊಂಡು ಲಕ್ಷಗಟ್ಟಲೆ ಹೆಸರು ಎತ್ತಿಕೊಂಡು, ಐದು ದಿನ ಜಾಹೀರಾತು ಹಾಕಿ ರುಚಿ ನೋಡಿ, ದುಡ್ಡು ಹುಟ್ಟದ್ದನ್ನು ಬಿಸಾಡುವ ಕಂಪನಿಗಳಿದ್ದವು. ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ ಈ ರುಚಿ ನೋಡುವಿಕೆಗೆ ಶುಲ್ಕ ಹಾಕಿತು. ಅದರದೇ ಲೆಕ್ಕದ ಪ್ರಕಾರ 2009ರ ಹೊತ್ತಿಗೆ ಇದು ಶೇ 99.7ರಷ್ಟು ಇಳಿಯಿತು.

2008ರಲ್ಲಿ ಬಂದ ಕ್ರೋಮ್ ಬ್ರೌಸರು ವಿಳಾಸದ ಪಟ್ಟಿಯನ್ನೂ ಹುಡುಕಾಟದ ಪಟ್ಟಿಯನ್ನೂ ಒಂದೇ ಮಾಡಿತು. ಆಮೇಲೆ ಫೋನು, ಫೋನಿನಲ್ಲಿ ಆ್ಯಪು. ನಮ್ಮ ಮನೆಯಲ್ಲಿ ಅಮ್ಮ ಬ್ಯಾಂಕು, ಕರೆಂಟ್ ಬಿಲ್ಲು, ರೈಲು ಟಿಕೆಟ್ಟು ಎಲ್ಲವನ್ನೂ ಫೋನಿನಲ್ಲೇ ಮಾಡುತ್ತಾರೆ, ಆದರೆ ಒಂದು ಡಾಟ್ ಕಾಮ್ ಟೈಪ್ ಮಾಡಿದ್ದನ್ನು ನಾನು ಕಂಡಿಲ್ಲ. ದಾರಿ ತಪ್ಪಿ ಬರುವವರೇ ಇಲ್ಲದಿದ್ದರೆ ದಾರಿ ಬದಿಯ ಬೋರ್ಡು ಯಾರಿಗೆ? ಇದರ ಮೇಲೆ ಗೂಗಲ್ 2025ರಲ್ಲಿ ತನ್ನ ಜಾಹೀರಾತುದಾರರನ್ನು ಪಾರ್ಕ್ ಮಾಡಿದ ಹೆಸರುಗಳ ಪುಟಗಳಿಂದ ತಾನಾಗಿಯೇ ಹೊರಗಿಟ್ಟಿತು. ಬೇಕೆಂದವರು ಕೇಳಿ ಸೇರಿಕೊಳ್ಳಬೇಕಿತ್ತು. ಖಾಲಿ ಪುಟದಲ್ಲಿ ತನ್ನ ಜಾಹೀರಾತು ಬರಲಿ ಎಂದು ಕೇಳಿ ಸೇರುವ ವ್ಯಾಪಾರಿ ಎಷ್ಟು ಜನ ಇರುತ್ತಾರೆ? ಪಾರ್ಕಿಂಗ್‌ನಿಂದ ಸಂಪಾದನೆ ಎಂದು ಇಂದು ಹೇಳಿಕೊಡುವವರು ಹದಿನೈದು ವರ್ಷ ಹಿಂದಿನ ಪಾಠ ಒಪ್ಪಿಸುತ್ತಿದ್ದಾರೆ.

ಉಳಿದದ್ದು ಮಾರಾಟ. ಇಲ್ಲಿನ ಜಯದ ಕಥೆಗಳು ಸುಳ್ಳಲ್ಲ. ವಾಯ್ಸ್ ಡಾಟ್ ಕಾಮ್ 2019ರಲ್ಲಿ 3 ಕೋಟಿ ಡಾಲರಿಗೆ ಹೋಯಿತು. ಹಬ್‌ಸ್ಪಾಟ್ ಕಂಪನಿ ಕಟ್ಟಿದವರಲ್ಲೊಬ್ಬರಾದ ಧರ್ಮೇಶ್ ಶಾ ಚಾಟ್ ಡಾಟ್ ಕಾಮ್ ಹೆಸರನ್ನು 2023ರಲ್ಲಿ 1.55 ಕೋಟಿ ಡಾಲರ್ ಕೊಟ್ಟು ಕೊಂಡರು. ಅದು ಮುಂದೆ ಓಪನ್‌ಎಐ ಕೈಸೇರಿತು. ಆದರೆ ಇವು ನಿಘಂಟಿನ ಒಂಟಿ ಪದಗಳು, ಮೊದಮೊದಲು ಬಂದವರು ಹಿಡಿದಿಟ್ಟವು. ಇಂದು ಹೊಸದಾಗಿ ಕೊಳ್ಳಲು ಸಿಗುವುದು ಯಾರಿಗೂ ಬೇಡವಾಗಿ ಉಳಿದದ್ದು.

ಒಂದು ಸಣ್ಣ ಲೆಕ್ಕ ಹಾಕೋಣ. ನೂರು ಹೆಸರು, ವರ್ಷಕ್ಕೆ ತಲಾ 1,200 ರೂಪಾಯಿ ಎಂದುಕೊಂಡರೆ 1,20,000. ಡೊಂಬಿವಲಿಯಲ್ಲಿ ಒಂದು ಚಿಕ್ಕ ಮನೆಯ ವರ್ಷದ ಬಾಡಿಗೆಯ ಹತ್ತಿರ ಬಂತು. ನೂರರಲ್ಲಿ ವರ್ಷಕ್ಕೆ ಒಂದೋ ಎರಡೋ ಹೋಗುತ್ತದೆ ಎಂಬುದು ಈ ವ್ಯಾಪಾರದಲ್ಲಿರುವವರೇ ಹೇಳಿಕೊಳ್ಳುವ ಮಾತು. ಒಂದೇ ಹೋಯಿತು, ದಲ್ಲಾಳಿ ತಾಣ ಶೇ 20 ಕಮಿಷನ್ ಹಿಡಿಯಿತು ಎನ್ನಿ. ಆ ಒಂದು ಹೆಸರು ಒಂದೂವರೆ ಲಕ್ಷಕ್ಕೆ ಹೋದರೆ ನೀವು ಹಾಕಿದ್ದು ನಿಮಗೆ ಬರುತ್ತದೆ, ಅಷ್ಟೇ. ಲಾಭ ಇನ್ನೂ ಶುರುವಾಗಿಲ್ಲ. ಹೋಗದೆ ಉಳಿದ ತೊಂಬತ್ತೊಂಬತ್ತಕ್ಕೆ ಮುಂದಿನ ವರ್ಷ ಮತ್ತೆ ಕಟ್ಟಬೇಕು.

ನವಿ ಮುಂಬಯಿಯ ಕಡೆ ಇರುವವರಿಗೆ ಇದು ಉಲ್ವೆ, ಪನ್ವೇಲ್ ಸೈಟಿನ ವ್ಯವಹಾರದಂತೆ ಕಾಣುತ್ತದೆ. ನಮ್ಮ ಕಡೆ ಹೇಗೂ ‘ಸೈಟು’ ಎಂದರೆ ಮೊದಲು ನೆನಪಾಗುವುದು ಮೂವತ್ತು ನಲವತ್ತರ ಜಾಗವೇ. ವಿಮಾನ ನಿಲ್ದಾಣ ಬರುತ್ತದೆ ಎಂದು 2007ರ ಸುಮಾರಿಗೆ ಅಲ್ಲಿ ಜಾಗ ಹಿಡಿದವರು, 2025ರ ಡಿಸೆಂಬರ್ 25ರಂದು ಮೊದಲ ವಿಮಾನ ಹಾರುವವರೆಗೆ ಕಾಯ್ದರು. ಹದಿನೆಂಟು ವರ್ಷ. ಆದರೂ ಕಾಯ್ದವರಿಗೆ ಬೆಲೆ ಸಿಕ್ಕಿತು, ಏಕೆಂದರೆ ನಿಲ್ದಾಣದ ಪಕ್ಕದ ಜಾಗ ಅಷ್ಟೇ ಇರುವುದು. ಡೊಮೇನ್ ಹೆಸರಿಗೆ ಆ ಗುಣವಿಲ್ಲ. ಡಾಟ್ ಕಾಮ್ ನೀವು ಹಿಡಿದರೆ ಗಿರಾಕಿ ಡಾಟ್ ಇನ್ ತೆಗೆದುಕೊಳ್ಳುತ್ತಾನೆ, ನಡುವೆ ಒಂದು ಅಡ್ಡಗೆರೆ ಸೇರಿಸುತ್ತಾನೆ, ಇಲ್ಲವೇ 2014ರ ನಂತರ ಬಂದ ಸಾವಿರಕ್ಕೂ ಮೀರಿದ ಹೊಸ ಬಾಲಗಳಲ್ಲಿ ಒಂದನ್ನು ಹಿಡಿಯುತ್ತಾನೆ. ಸೈಟಿಗೆ ಪ್ರತಿ ವರ್ಷ ಮತ್ತೆ ಬೆಲೆ ಕೊಟ್ಟು ಬಿಡಿಸಿಕೊಳ್ಳುವ ಕಾಟವೂ ಇಲ್ಲ.

ಹಾಗಾದರೆ ಈ ಸಂತೆಯಲ್ಲಿ ನಿಶ್ಚಿತವಾಗಿ ಗಳಿಸುವವರು ಯಾರು? ಸುಂಕದ ಕಟ್ಟೆಯಲ್ಲಿ ಕೂತವರು. ಡಾಟ್ ಕಾಮ್ ಪಟ್ಟಿ ನಡೆಸುವ ವೆರಿಸೈನ್ ಕಂಪನಿಗೆ ಪ್ರತಿ ಹೆಸರಿನಿಂದ ವರ್ಷಕ್ಕೆ 10.26 ಡಾಲರ್ ಸಲ್ಲುತ್ತದೆ, ಹೆಸರು ಬಳಕೆಯಲ್ಲಿದ್ದರೂ ಸರಿ, ಪಾರ್ಕ್ ಆಗಿ ಕೂತಿದ್ದರೂ ಸರಿ. ಕೆರಿಬಿಯನ್ ಸಮುದ್ರದ ಆಂಗ್ವಿಲಾ ಎಂಬ ಪುಟ್ಟ ದ್ವೀಪಕ್ಕೆ ಎಂದೋ ಸಿಕ್ಕ ದೇಶದ ಸಂಕೇತ ಡಾಟ್ ಎಐ. ಕೃತಕ ಬುದ್ಧಿಮತ್ತೆಯ ಅಬ್ಬರದಲ್ಲಿ 2023ರಲ್ಲಿ ಆ ದ್ವೀಪಕ್ಕೆ ಇದರಿಂದ ಬಂದದ್ದು ಸುಮಾರು 3.2 ಕೋಟಿ ಡಾಲರ್, ಸರ್ಕಾರದ ಆದಾಯದ ಐದರಲ್ಲಿ ಒಂದು ಪಾಲು. ಅದೃಷ್ಟ ಎಂದರೆ ಅದು.

ಗೆಲ್ಲುವ ಹೆಸರು ಊಹಿಸುವುದು ಕಷ್ಟ ಎಂಬುದು ಒಂದು ಮಾತು. ಊಹೆ ಸರಿಯಾದಾಗಲೇ ತೊಂದರೆ ಹೆಚ್ಚು ಎಂಬುದು ಇನ್ನೊಂದು. ಜಿಯೋಹಾಟ್‌ಸ್ಟಾರ್ ಪ್ರಕರಣ ಅದನ್ನೇ ತೋರಿಸುತ್ತದೆ. 2023ರಲ್ಲಿ ಜಿಯೋಹಾಟ್‌ಸ್ಟಾರ್ ಎಂಬುದು ಇರಲಿಲ್ಲ, ನಿಜ. ಆದರೆ ಜಿಯೋ ಇತ್ತು, ಹಾಟ್‌ಸ್ಟಾರ್ ಇತ್ತು, ಎರಡೂ ಬೇರೆಯವರ ಟ್ರೇಡ್‌ಮಾರ್ಕ್. ಡೊಮೇನ್ ತಕರಾರುಗಳನ್ನು ಬಗೆಹರಿಸಲು 1999ರಲ್ಲಿ ಬಂದ ಅಂತರರಾಷ್ಟ್ರೀಯ ನಿಯಮದಲ್ಲಿ ಮೂರು ವಿಷಯ ನೋಡುತ್ತಾರೆ: ಹೆಸರು ಇನ್ನೊಬ್ಬರ ಗುರುತಿನಂತಿದೆಯೇ, ಹಿಡಿದವನಿಗೆ ಅದರಲ್ಲಿ ನ್ಯಾಯವಾದ ಹಿತ ಇದೆಯೇ, ದುರುದ್ದೇಶದಿಂದ ನೋಂದಾಯಿಸಿ ಬಳಸಿದ್ದಾನೆಯೇ. ಗುರುತಿನ ಒಡೆಯನಿಗೇ ಖರ್ಚಿಗಿಂತ ಹೆಚ್ಚಿನ ಬೆಲೆಗೆ ಮಾರುವ ಉದ್ದೇಶದಿಂದ ಕೊಂಡಿದ್ದರೆ ಅದೇ ದುರುದ್ದೇಶಕ್ಕೆ ಸಾಕ್ಷಿ. ವಿಲೀನದ ಸುದ್ದಿ ಕೇಳಿ ಎರಡು ಹೆಸರು ಜೋಡಿಸಿ ಕೊಂಡದ್ದನ್ನೂ ತೀರ್ಪುಗಾರರು ಹೀಗೇ ನೋಡುತ್ತ ಬಂದಿದ್ದಾರೆ. ಅಂದರೆ ಆ ಯುವಕ ಪ್ರಾಮಾಣಿಕವಾಗಿ ಬರೆದ ಪತ್ರವೇ ಅವರ ವಿರುದ್ಧದ ಅತಿ ದೊಡ್ಡ ದಾಖಲೆಯಾಗಬಲ್ಲದು. ನಮ್ಮ ಡಾಟ್ ಇನ್ ನಿಯಮ ಇನ್ನೂ ಬಿಗಿ. ಅಂತರರಾಷ್ಟ್ರೀಯ ನಿಯಮಕ್ಕೆ ನೋಂದಣಿಯಲ್ಲೂ ಬಳಕೆಯಲ್ಲೂ ದುರುದ್ದೇಶ ಕಾಣಬೇಕು. ಇಲ್ಲಿ ಎರಡರಲ್ಲಿ ಒಂದು ಸಾಕು.

ಈ ವಿಷಯದಲ್ಲಿ ದೇಶದ ಕಾನೂನು ಗಟ್ಟಿಯಾದದ್ದು ಬೆಂಗಳೂರಿನಲ್ಲಿ ಹುಟ್ಟಿದ ಒಂದು ಪ್ರಕರಣದಿಂದ. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನ ಅಕ್ಷರಗಳಿಂದ ‘ಸಿಫಿ’ ಎಂಬ ಪದ ಕಟ್ಟಿಕೊಂಡು, 1999ರಲ್ಲಿ ಸಿಫಿನೆಟ್, ಸಿಫಿಮಾಲ್ ಮುಂತಾದ ಹೆಸರುಗಳನ್ನು ನೋಂದಾಯಿಸಿತ್ತು. 2001ರಲ್ಲಿ ಇನ್ನೊಂದು ಕಂಪನಿ ಒಂದು ಎಫ್ ಹೆಚ್ಚು ಸೇರಿಸಿ ಸಿಫ್ಫಿನೆಟ್ ಎಂಬ ಹೆಸರು ತೆಗೆದುಕೊಂಡಿತು. ನಮ್ಮ ಐವರು ಪ್ರವರ್ತಕರ ಹೆಸರಿನ ಮೊದಲ ಅಕ್ಷರ ಸೇರಿ ಹಾಗಾಯಿತು ಎಂದು ಅವರ ವಾದ. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಕರ್ನಾಟಕ ಹೈಕೋರ್ಟ್ ಅದನ್ನು ತೆಗೆದುಹಾಕಿತು, 2004ರ ಮೇ 6ರಂದು ಸುಪ್ರೀಂ ಕೋರ್ಟ್ ಮತ್ತೆ ಎತ್ತಿಹಿಡಿಯಿತು. ಐದು ಅಕ್ಷರಗಳ ವಿವರಣೆಯನ್ನು ಅದು ನಂಬಲಿಲ್ಲ. ಡೊಮೇನ್ ಹೆಸರಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲದಿದ್ದರೂ, ಒಬ್ಬರ ಸರಕನ್ನು ಇನ್ನೊಬ್ಬರದೆಂದು ಸಾಗಹಾಕುವುದನ್ನು ತಡೆಯುವ ಹಳೆಯ ತತ್ವ ಇದಕ್ಕೂ ಸಲ್ಲುತ್ತದೆ ಎಂದಿತು. ಬಾಂಬೆ ಹೈಕೋರ್ಟ್ 1999ರಲ್ಲೇ ರೆಡಿಫ್ ಮತ್ತು ರಾಡಿಫ್ ಜಗಳದಲ್ಲಿ ಇದೇ ದಾರಿ ಹಿಡಿದಿತ್ತು.

ಇಷ್ಟು ಹೇಳಿದ ಮೇಲೆ, ಸಂಪಾದನೆಗಿಂತ ನನಗೆ ಹೆಚ್ಚು ಮುಖ್ಯವೆನಿಸುವ ಮಾತಿಗೆ ಬರುತ್ತೇನೆ. ಹೆಸರು ಹಿಡಿದು ಕೂತವರಿಗೆ ಕಾನೂನಿನ ಭಯ ಇರುವುದು ಎದುರಿಗೆ ರಿಲಯನ್ಸ್ ಇದ್ದಾಗ. ಎದುರಿಗೆ ಒಂದು ಉಡುಪಿ ಹೋಟೆಲೋ, ಕನ್ನಡ ಸಂಘವೋ ಇದ್ದರೆ? ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಮುಂದೆ ಒಂದು ದೂರು ಕೊಡಲು ಕನಿಷ್ಠ ಶುಲ್ಕವೇ 1,500 ಡಾಲರ್, ವಕೀಲರದ್ದು ಬೇರೆ. ಗೆದ್ದರೂ ಹೆಸರು ಸಿಗುತ್ತದೆಯೇ ಹೊರತು ಪರಿಹಾರ ಸಿಗುವುದಿಲ್ಲ. ಸಣ್ಣವರು ಈ ದಾರಿಗೆ ಹೋಗುವುದೇ ಇಲ್ಲ.

ಡೊಂಬಿವಲಿ ಪೂರ್ವದಲ್ಲಿ ನಾವು ಭಾನುವಾರ ಹೋಗುವ ಒಂದು ಹೋಟೆಲಿದೆ. ಮಾಲೀಕರು ಕುಂದಾಪುರದ ಕಡೆಯವರು. ಕೊರೊನಾ ಕಾಲದಲ್ಲಿ ಪರಿಚಯದ ಹುಡುಗನೊಬ್ಬನಿಂದ ಜಾಲತಾಣ ಮಾಡಿಸಿ, ಪ್ರತಿ ಮೇಜಿಗೂ ಮೆನುವಿನ ಕ್ಯೂಆರ್ ಕೋಡ್ ಅಂಟಿಸಿದ್ದರು. ಕಳೆದ ವರ್ಷ ಒಂದು ದಿನ ನನ್ನನ್ನು ಗಲ್ಲಾ ಹತ್ತಿರ ಕರೆದು ಫೋನು ತೋರಿಸಿದರು. ಕೋಡ್ ಹಿಡಿದರೆ ದೋಸೆಯ ಪಟ್ಟಿ ಬದಲು ಜೂಜಿನ ಪುಟ ತೆರೆಯುತ್ತಿತ್ತು.

‘ಶೆಟ್ರೇ, ಈ ಹೆಸರು ಯಾರ ಹೆಸರಲ್ಲಿ ನೋಂದಣಿ ಆಗಿದೆ?’ ಎಂದೆ.

‘ಹೋಟೆಲು ನಂದಲ್ವಾ ಮಾರಾಯ್ರೇ, ಹೆಸರೂ ನಂದೇ.’

ಅವರದಾಗಿರಲಿಲ್ಲ. ಹುಡುಗ ತನ್ನ ಇಮೇಲಿನಲ್ಲಿ, ತನ್ನ ಹೆಸರಿನಲ್ಲಿ ಕೊಂಡಿದ್ದ. ಆಮೇಲೆ ಪುಣೆಗೆ ಕೆಲಸಕ್ಕೆ ಹೋದ. ನವೀಕರಣದ ನೆನಪೋಲೆಗಳೆಲ್ಲ ಅವನು ನೋಡದ ಇಮೇಲಿಗೆ ಬಂದು ಬಿದ್ದವು. ಇದರಲ್ಲಿ ಮೋಸವೇನೂ ಇಲ್ಲ, ಬರೀ ಮರೆವು. ಡಾಟ್ ಕಾಮ್ ಹೆಸರಿನ ಅವಧಿ ಮುಗಿದ ಮೇಲೆ ಸಾಮಾನ್ಯವಾಗಿ ಒಂದು ತಿಂಗಳ ಮೇಲೆ ಸ್ವಲ್ಪ ದಿನ ಮಾಮೂಲಿ ದರದಲ್ಲಿ ಬಿಡಿಸಿಕೊಳ್ಳಬಹುದು, ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು, ನಂತರ 5 ದಿನ ಯಾರಿಗೂ ಸಿಗದೆ ಇದ್ದು ಪಟ್ಟಿಯಿಂದ ಬೀಳುತ್ತದೆ. ಬೀಳುವ ಕ್ಷಣಕ್ಕೇ ಕಾದು ಎತ್ತಿಕೊಳ್ಳುವ ಯಂತ್ರಗಳಿವೆ. ಇಂದಿನ ಡೊಮೇನ್ ವ್ಯಾಪಾರದ ನಿಜವಾದ ಕಸುಬು ಇದೇ ಎಂದು ನನ್ನ ಅಭಿಪ್ರಾಯ. ಹೊಸ ಹೆಸರು ಊಹಿಸುವುದಕ್ಕಿಂತ, ಈಗಾಗಲೇ ಜನ ಓಡಾಡುತ್ತಿರುವ, ಗೂಗಲ್‌ಗೆ ಪರಿಚಯವಿರುವ, ಒಡೆಯ ಮರೆತ ಹೆಸರನ್ನು ಹಿಡಿಯುವುದು ಲಾಭದ್ದು. ಅದಕ್ಕೆ ಒಳ್ಳೆಯ ಗಿರಾಕಿ ಜೂಜಿನವರು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಪಾಸಾಗಿದೆ. ಆದರೆ ಪುಟ ಬರುವುದು ಯಾವುದೋ ದೇಶದ ಸರ್ವರಿನಿಂದ.

ಶೆಟ್ಟರು ಆ ದಿನವೇ ಅಡುಗೆಮನೆಯ ಚೂರಿಯಿಂದ ಇಪ್ಪತ್ತೆರಡು ಮೇಜುಗಳ ಸ್ಟಿಕ್ಕರ್ ಕೆರೆಸಿದರು. ಹಳೆಯ ಹೆಸರಿಗೆ ಬೆಲೆ ಕೇಳಿ ಒಂದು ಸಂದೇಶ ಕಳಿಸಿ ನೋಡಿದೆವು. ಬಂದ ಅಂಕಿ ನೋಡಿ ಅವರು ನಕ್ಕು, ‘ಇಷ್ಟಕ್ಕೆ ಒಂದು ಹೊಸ ಗ್ರೈಂಡರ್ ಬರ್ತದೆ’ ಎಂದರು. ಗ್ರೈಂಡರನ್ನೇ ತಂದರು, ಜೊತೆಗೆ ಒಂದು ಡಾಟ್ ಇನ್ ಹೆಸರು ತಮ್ಮದೇ ಹೆಸರಿನಲ್ಲಿ.

ನಮ್ಮ ಸಂಘ ಸಂಸ್ಥೆಗಳ ಸ್ಥಿತಿ ಇದಕ್ಕಿಂತ ಬೇರೆಯಲ್ಲ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿ ಎಲ್ಲ ಕಡೆ ಕನ್ನಡ ಸಂಘಗಳಿವೆ, ಭಜನಾ ಮಂಡಳಿಗಳಿವೆ, ಶಾಲೆ ನಡೆಸುವವರೂ ಇದ್ದಾರೆ. ಬ್ಯಾಂಕ್ ಖಾತೆಗೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಮೂವರಲ್ಲಿ ಇಬ್ಬರ ಸಹಿ ಬೇಕೆಂಬ ನಿಯಮ ಮಾಡುತ್ತೇವೆ. ಜಾಲತಾಣದ ಹೆಸರು ಮಾತ್ರ ಹಿಂದಿನ ಹಿಂದಿನ ಕಾರ್ಯದರ್ಶಿಯ ಮಗನ ಇಮೇಲಿನಲ್ಲಿ ಇರುತ್ತದೆ. ಆಡಿಟ್ ವರದಿಯ ಸ್ಥಿರಾಸ್ತಿ ಪಟ್ಟಿಯಲ್ಲಿ ಕುರ್ಚಿ, ಮೈಕು, ಹಾರ್ಮೋನಿಯಂ ಎಲ್ಲ ಇರುತ್ತವೆ, ಇದು ಇರುವುದಿಲ್ಲ. ವರ್ಷಕ್ಕೆ ಸಾವಿರ ಚಿಲ್ಲರೆ ರೂಪಾಯಿಯ ಬಾಬತ್ತು ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕನ್ನಡ ಅಕ್ಷರದಲ್ಲೇ ‘ಡಾಟ್ ಭಾರತ’ ಎಂಬ ವಿಳಾಸ ಪಡೆಯುವ ಅವಕಾಶ ಇದೆ ಎಂಬುದು ಎಷ್ಟು ಸಂಘಗಳಿಗೆ ಗೊತ್ತು? ಅದರಲ್ಲಿ ಸಟ್ಟಾ ಮಾಡುವವರು ಕಡಿಮೆ, ಹಾಗಾಗಿ ಒಳ್ಳೆಯ ಹೆಸರು ಇನ್ನೂ ಸಿಗುತ್ತದೆ. ಇಮೇಲ್ ವಿಳಾಸವಾಗಿ ಅದನ್ನು ಎಲ್ಲ ಕಡೆ ಒಪ್ಪುವುದಿಲ್ಲ ಎಂಬ ತೊಡಕು ಇದ್ದೇ ಇದೆ.

ಇದಕ್ಕಿಂತ ದೊಡ್ಡ ಮಟ್ಟದಲ್ಲಿ ಇದೇ ಪ್ರಶ್ನೆ ಬಂದಿರುವುದು ಬ್ಯಾಂಕುಗಳಲ್ಲಿ. ನಕಲಿ ತಾಣಗಳ ಹಾವಳಿ ತಡೆಯಲು ರಿಸರ್ವ್ ಬ್ಯಾಂಕ್ 2025ರ ಫೆಬ್ರವರಿ 7ರಂದು ‘ಬ್ಯಾಂಕ್ ಡಾಟ್ ಇನ್’ ಎಂಬ ಪ್ರತ್ಯೇಕ ನೆಲೆ ಪ್ರಕಟಿಸಿತು. ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆ ಒಂದೇ ಅದರಲ್ಲಿ ಹೆಸರು ಕೊಡುವುದು, ಅದೂ ಬ್ಯಾಂಕುಗಳಿಗೆ ಮಾತ್ರ. ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅಲ್ಲಿಗೆ ಸ್ಥಳಾಂತರವಾಗಬೇಕು ಎಂದು ಗಡುವು. ಸ್ಟೇಟ್ ಬ್ಯಾಂಕಿಗೂ ಅದೇ ನಿಯಮ, ನಮ್ಮ ಡೊಂಬಿವಲಿ, ಕಲ್ಯಾಣ್, ಥಾಣೆಯ ಸಹಕಾರಿ ಬ್ಯಾಂಕುಗಳಿಗೂ ಅದೇ ನಿಯಮ. ಹೆಸರನ್ನು ಯಾರು ಬೇಕಾದರೂ ಮೊದಲು ಬಂದು ಎತ್ತಿಕೊಳ್ಳಬಹುದು ಎಂಬ ಪದ್ಧತಿಗೆ ಒಂದು ಮೂಲೆಯಲ್ಲಾದರೂ ಬೇಲಿ ಬಿತ್ತು. ಇದು ಒಳ್ಳೆಯ ಹೆಜ್ಜೆ.

ಆದರೆ ಬ್ಯಾಂಕು ಮನೆ ಬದಲಿಸಿದಾಗ ಹಳೆಯ ಮನೆಯ ಬಾಗಿಲು ಏನಾಗುತ್ತದೆ? ಹಳೆಯ ಡಾಟ್ ಕಾಮ್ ವಿಳಾಸ ಪಾಸ್‌ಬುಕ್ಕಿನ ಹಿಂಬದಿಯಲ್ಲಿ, ಠೇವಣಿ ರಸೀದಿಯಲ್ಲಿ, ಎಟಿಎಂ ಬೋರ್ಡಿನಲ್ಲಿ, ಹತ್ತಾರು ವರ್ಷಗಳ ಇಮೇಲುಗಳಲ್ಲಿ ಉಳಿದೇ ಇದೆ. ಇನ್ನು ಬೇಡವೆಂದು ನವೀಕರಣ ನಿಲ್ಲಿಸಿದ ಹೆಸರು ಎರಡೂವರೆ ತಿಂಗಳಲ್ಲಿ ಸಂತೆಗೆ ಬರುತ್ತದೆ. ಅದನ್ನು ಕೊಂಡವನಿಗೆ ಆ ಹೆಸರಿಗೆ ಬರುವ ಇಮೇಲುಗಳೂ ಬರುತ್ತವೆ. ದೊಡ್ಡ ಬ್ಯಾಂಕುಗಳಿಗೆ ಇದನ್ನು ನೋಡಿಕೊಳ್ಳುವ ತಂಡಗಳಿವೆ. ನಾಲ್ಕೈದು ಶಾಖೆಯ ಸಹಕಾರಿ ಬ್ಯಾಂಕಿನಲ್ಲಿ ವರ್ಷದ ಖರ್ಚು ಕಡಿತದ ಪಟ್ಟಿ ಹಿಡಿದು ಕೂತ ಮ್ಯಾನೇಜರಿಗೆ, ‘ಹಳೆಯ ವೆಬ್‌ಸೈಟ್ ನವೀಕರಣ, 1,200 ರೂ.’ ಎಂಬ ಸಾಲು ಹೊಡೆದುಹಾಕಲು ಸುಲಭವಾಗಿ ಕಾಣುತ್ತದೆ. ಹೊಸ ವಿಳಾಸಕ್ಕೆ ಬರಲು ಗಡುವು ಹಾಕಿದಂತೆ, ಹಳೆಯದನ್ನು ಕನಿಷ್ಠ ಹತ್ತು ವರ್ಷ ಕೈಬಿಡಕೂಡದು ಎಂಬ ನಿಬಂಧನೆಯನ್ನೂ ರಿಸರ್ವ್ ಬ್ಯಾಂಕ್ ಹಾಕಬೇಕು. ಹತ್ತು ವರ್ಷದ ನವೀಕರಣವನ್ನು ಒಂದೇ ಸಲ ಕಟ್ಟಬಹುದು, ಡಾಟ್ ಕಾಮ್ ಹೆಸರಿಗೆ ಆ ಸೌಲಭ್ಯ ಇದೆ.

ಇಲ್ಲಿನ ಸಹಕಾರಿ ಬ್ಯಾಂಕುಗಳಲ್ಲಿ ನಮ್ಮವರ ಷೇರುಗಳಿವೆ, ಠೇವಣಿಗಳಿವೆ. ಮಳೆಗಾಲ ಮುಗಿಯುವುದರೊಳಗೆ ವಾರ್ಷಿಕ ಸಭೆಯ ನೋಟಿಸ್ ಮನೆಗೆ ಬರುತ್ತದೆ. ಸಭೆಯಲ್ಲಿ ಡಿವಿಡೆಂಡ್ ಎಷ್ಟು ಎಂದು ಕೇಳಿದ ಮೇಲೆ, ಹಳೆಯ ಡೊಮೇನ್ ಹೆಸರು ಈಗ ಯಾರ ಕೈಯಲ್ಲಿದೆ, ಎಲ್ಲಿಯವರೆಗೆ ಹಣ ಕಟ್ಟಿದೆ ಎಂದೂ ಕೇಳಬಹುದು. ಷೇರುದಾರರಿಗೆ ಅದನ್ನು ಕೇಳುವ ಹಕ್ಕಿದೆ.